ಕನ್ನಡಿಗನಾಗ ಹೊರಟ ಜರ್ಮನ್ ಪಾದ್ರಿ ಕಿಟೆಲ್

ಅಂಧೇರಿ: ರಾಜ್ಯೋತ್ಸವ ಆಚರಿಸುವ ನಮ್ಮ ಸಂಘಗಳು ಮರೆಯಬಾರದ ಹೆಸರು ರೆವರೆಂಡ್ ಫರ್ಡಿನಾಂಡ್ ಕಿಟೆಲ್ ಅವರದು. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಅವರು ಬಾಸೆಲ್ ಮಿಶನ್ ಸೇರಿ 1853ರಲ್ಲಿ ಕನ್ನಡ ನಾಡಿಗೆ ಬಂದರು.

ಕನ್ನಡಿಗರ ಮನಸ್ಸನ್ನು ಅರಿಯಬೇಕಾದರೆ ದೊರೆಯಂತೆ ದೂರ ಕುಳಿತರಾಗದು, ಕನ್ನಡಿಗನಾಗಿಯೇ ಬಾಳಬೇಕು ಎಂಬುದು ತರುಣ ಕಿಟೆಲರ ಹಠ. ಇದು ಮಿಶನ್ನಿನ ಹಿರಿಯರಿಗೆ ಹಿಡಿಸಲಿಲ್ಲ. ತಮ್ಮವರ ನಡುವೆಯೇ ಅವರು ಒಂಟಿಯಾದರು.

ಬಂದದ್ದು ಮತಪ್ರಚಾರಕ್ಕೆ, ಅದನ್ನು ಅವರು ಬಿಡಲಿಲ್ಲ. ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹಾಡಿ 1862ರಲ್ಲಿ 'ಕಥಾಮಾಲೆ' ಹೊರತಂದರು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದರು. ಸುಮಾರು ಎರಡು ದಶಕ ದುಡಿದು ಸಿದ್ಧಪಡಿಸಿದ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. 1903ರಲ್ಲಿ ವ್ಯಾಕರಣ ಗ್ರಂಥ ಬಂತು; ಅದೇ ಡಿಸೆಂಬರಿನಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ನಿಧನರಾದರು.

ಅವರ ಮೈಬಣ್ಣವಾಗಲಿ ಧರ್ಮವಾಗಲಿ ಬದಲಾಗಲಿಲ್ಲ. ಆದರೂ ಕನ್ನಡಿಗರು ಅವರನ್ನು ತಮ್ಮವರೆಂದೇ ಬಗೆದರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಬೆಂಗಳೂರಿನಲ್ಲಿ ಪ್ರತಿಮೆಯಿದೆ.

ಕನ್ನಡ ಮನೆಯಲ್ಲೇ ಹುಟ್ಟಿದ ನಮ್ಮ ಮುಂಬಯಿ ಮಕ್ಕಳಲ್ಲಿ ಅನೇಕರಿಗೆ ಇಂದು ಕನ್ನಡ ಓದಲು ಬಾರದು. ಸಂಘದ ಕಪಾಟಿನಲ್ಲಿ ಕಿಟೆಲರ ನಿಘಂಟು ಇದ್ದರೆ, ವಾರಕ್ಕೊಮ್ಮೆಯಾದರೂ ಮಕ್ಕಳ ಮುಂದೆ ಅದನ್ನು ತೆರೆಯೋಣ.