ತ್ರೈರಾಶಿಕಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ ಮಹಾವೀರಾಚಾರ್ಯ

ತಿರುಪ್ಪೂರು: ಐದು ಕಿಲೋ ನೂಲಿಗೆ ಇಷ್ಟು ಬೆಲೆಯಾದರೆ ಹನ್ನೆರಡು ಕಿಲೋಗೆ ಎಷ್ಟು? ಬನಿಯನ್ ನಗರಿ ತಿರುಪ್ಪೂರಿನ ನೂಲಿನಂಗಡಿಗಳಲ್ಲಿ ದಿನವಿಡೀ ನಡೆಯುವ ಲೆಕ್ಕ ಇದು. ಶಾಲೆಯ ಪುಸ್ತಕದಲ್ಲಿ ಇದರ ಹೆಸರು ನೇರ ಅನುಪಾತ. ಹಿಂದಿನವರ ಬಾಯಲ್ಲಿ ತ್ರೈರಾಶಿಕ. ಗೊತ್ತಿರುವ ಮೂರು ರಾಶಿಗಳಿಂದ ಗೊತ್ತಿಲ್ಲದ ನಾಲ್ಕನೆಯದನ್ನು ಹುಡುಕುವುದೇ ತ್ರೈರಾಶಿಕ. ಸುಮಾರು 1,170 ವರ್ಷಗಳ ಹಿಂದೆ ಇದಕ್ಕೆಂದೇ ಒಂದು ಅಧ್ಯಾಯ ಬರೆದವರು ಕನ್ನಡ ನಾಡಿನ ಮಹಾವೀರಾಚಾರ್ಯ.

ಮಹಾವೀರಾಚಾರ್ಯರದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲ. ಕ್ರಿ.ಶ. 814ರಲ್ಲಿ ಬಾಲಕನಾಗಿ ಪಟ್ಟಕ್ಕೆ ಬಂದ ನೃಪತುಂಗ ಅರವತ್ತಕ್ಕೂ ಹೆಚ್ಚು ವರ್ಷ ಆಳಿದ. ಅವನ ರಾಜಧಾನಿ ಮಾನ್ಯಖೇಟ ಈಗ ಕಲಬುರಗಿ ಜಿಲ್ಲೆಯ ಮಳಖೇಡ. ಆರಂಭದ ದಂಗೆಗಳು ಅಡಗಿದ ಮೇಲೆ ಅರಸನ ಮನಸ್ಸು ಕತ್ತಿಗಿಂತ ವಿದ್ಯೆಯ ಕಡೆಗೇ ವಾಲಿತು. ಜಿನಸೇನಾಚಾರ್ಯರಂಥ ಜೈನ ವಿದ್ವಾಂಸರಿಗೆ ಅಲ್ಲಿ ದೊಡ್ಡ ಗೌರವ. ಕವಿರಾಜಮಾರ್ಗವೂ ಆ ಕಾಲದ್ದೇ. ನೃಪತುಂಗ ತನ್ನ ಮಗಳನ್ನು ಗಂಗರ ರಾಜಕುಮಾರ ಬೂತುಗನಿಗೆ ಕೊಟ್ಟಿದ್ದ. ಆ ಗಂಗರಿಗೂ ನಮ್ಮ ಕೊಂಗು ಸೀಮೆಗೂ ಹಳೆಯ ನಂಟು ಎಂಬುದನ್ನು ಇಲ್ಲಿ ನೆನೆಯಬಹುದು.

850ರ ಸುಮಾರಿಗೆ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಒಂಬತ್ತು ಅಧ್ಯಾಯ, ಸಾವಿರಕ್ಕೂ ಹೆಚ್ಚು ಶ್ಲೋಕ. ಆರಂಭದಲ್ಲಿ ಜಿನನಿಗೆ ವಂದನೆ, ನೃಪತುಂಗನ ಗುಣಗಾನ. ತಮ್ಮ ಬಗ್ಗೆ ಹೇಳಿಕೊಳ್ಳುವ ಚಪಲ ಮಾತ್ರ ಅವರಿಗಿರಲಿಲ್ಲ. ಅವರ ಜೀವನವೆಂದರೆ ಈ ಗ್ರಂಥವೇ. ಆರ್ಯಭಟ, ಬ್ರಹ್ಮಗುಪ್ತರಲ್ಲಿ ಗಣಿತ ಜ್ಯೋತಿಷ ಗ್ರಂಥದೊಳಗಿನ ಒಂದು ಭಾಗ. ಮಹಾವೀರಾಚಾರ್ಯರು ಗ್ರಹಗತಿಯ ಗೋಜಿಗೆ ಹೋಗದೆ ಗಣಿತಕ್ಕೆಂದೇ ಪುಸ್ತಕ ಬರೆದರು. ಸಂಗೀತ, ನಾಟಕ, ವೈದ್ಯ, ವಾಸ್ತು, ಕೊನೆಗೆ ಅಡುಗೆಗೂ ಲೆಕ್ಕ ಬೇಕು ಎಂದು ಮೊದಲಲ್ಲೇ ಸಾರಿದರು. ಅಡುಗೆಮನೆಯನ್ನು ಮರೆಯದ ಗಣಿತಜ್ಞ!

ಐದನೆಯ ಅಧ್ಯಾಯವೇ ತ್ರೈರಾಶಿಕ. ಗೊತ್ತಿರುವ ಅಳತೆ ಪ್ರಮಾಣ, ಅದಕ್ಕೆ ಸಿಗುವುದು ಫಲ, ನಾವು ಕೇಳುವ ಅಳತೆ ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಉತ್ತರ. ಒಂದು ಹೆಚ್ಚಿದಂತೆ ಇನ್ನೊಂದು ಕಡಿಮೆಯಾಗುವ ಕಡೆ ಕ್ರಮ ತಿರುಗಿಸಬೇಕು. ಅದು ವ್ಯಸ್ತ ತ್ರೈರಾಶಿಕ.

ನಮ್ಮ ಊರಿನ ಉದಾಹರಣೆಯನ್ನೇ ನೋಡೋಣ. ಹತ್ತಿ ನೂಲಿನ ಕೌಂಟ್ ಎಂದರೆ ಒಂದು ಪೌಂಡಿನಲ್ಲಿ 840 ಗಜದ ಎಷ್ಟು ಲಡಿ ಇವೆ ಎಂಬ ಎಣಿಕೆ. 20ನೇ ಕೌಂಟಿನ ಒಂದು ಪೌಂಡ್ ನೂಲು 16,800 ಗಜ. ಹಾಗಾದರೆ 30ನೇ ಕೌಂಟಿನದು? ಪ್ರಮಾಣ 20, ಫಲ 16,800, ಇಚ್ಛೆ 30. ಗುಣಿಸಿ ಭಾಗಿಸಿದರೆ 25,200 ಗಜ. ಗಜವನ್ನು ಕೌಂಟಿನಿಂದ ಭಾಗಿಸಿ ನೋಡಿ, ಎರಡೂ ಕಡೆ 840 ಬರುತ್ತದೆ. ಈ ಬದಲಾಗದ ಸಂಖ್ಯೆಯನ್ನೇ ಮಕ್ಕಳು ಇಂದು ಬೀಜಗಣಿತದಲ್ಲಿ 'ಕೆ' ಎಂದು ಬರೆಯುತ್ತಾರೆ. ಆದರೆ ಅಷ್ಟೇ ಉದ್ದದ ನೂಲಿನ ತೂಕ ಕೇಳಿದರೆ ಕಥೆ ಬೇರೆ. ಕೌಂಟ್ ಎರಡು ಪಟ್ಟಾದರೆ ತೂಕ ಅರ್ಧ. ಇಲ್ಲಿ ನೇರ ಲೆಕ್ಕ ಹಾಕಿದವನು ನಾಲ್ಕು ಪಟ್ಟು ನೂಲು ಖರೀದಿಸಿ ಕೈ ಸುಟ್ಟುಕೊಳ್ಳುತ್ತಾನೆ. ಕೊಯಮತ್ತೂರು, ತಿರುಪ್ಪೂರು ಸೀಮೆಯ ಕನ್ನಡ ಮಾತಾಡುವ ದೇವಾಂಗ ನೇಕಾರರಿಗೆ ಇದನ್ನು ವಿವರಿಸಬೇಕಾಗಿಲ್ಲ, ಮಗ್ಗವೇ ಕಲಿಸಿರುತ್ತದೆ.

ಆಚಾರ್ಯರ ಲೆಕ್ಕಗಳಲ್ಲಿ ರಸಿಕತೆಯೂ ಇದೆ. 80 ಅಂಗುಲ ಉದ್ದದ ಕರಿನಾಗರವೊಂದು ದಿನದ 14ರಲ್ಲಿ 5 ಭಾಗದಷ್ಟು ಹೊತ್ತಿನಲ್ಲಿ ಏಳೂವರೆ ಅಂಗುಲದಂತೆ ಬಿಲ ಹೊಗುತ್ತದೆ. ಅತ್ತ ಕಾಲು ದಿನಕ್ಕೆ ಎರಡೂಮುಕ್ಕಾಲು ಅಂಗುಲದಂತೆ ಬಾಲ ಬೆಳೆಯುತ್ತದೆ! ಪೂರ್ತಿ ಒಳಹೋಗಲು ಎಷ್ಟು ದಿನ? ತ್ರೈರಾಶಿಕದಿಂದ ದಿನಕ್ಕೆ ಹೊಗುವುದು 21 ಅಂಗುಲ, ಬೆಳೆಯುವುದು 11. ಉಳಿಯುವುದು 10. ಹಾಗಾಗಿ ಎಂಟು ದಿನ. ಭಿನ್ನರಾಶಿ ಕಂಡರೆ ಓಡುವ ಹುಡುಗನೂ ಹಾವಿನ ಕಥೆಗಾಗಿ ಕೂತು ಕೇಳಿಯಾನು.

ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟರು. ಎಡವಿದ್ದೂ ಉಂಟು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದರು. ಅದು ತಪ್ಪು. 12ನೇ ಶತಮಾನದ ಭಾಸ್ಕರಾಚಾರ್ಯರು ಆ ಫಲವನ್ನು ಅನಂತವೆಂದು ಬಗೆದರು.

ಗ್ರಂಥ ದಕ್ಷಿಣದಲ್ಲೆಲ್ಲ ಹರಡಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಕನ್ನಡದಲ್ಲಿ 12ನೇ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ' ಬರೆದು ಲೆಕ್ಕವನ್ನು ತಾಯ್ನುಡಿಯಲ್ಲೇ ಕಲಿಸಿದ. ಆಮೇಲೆ ಗಣಿತಸಾರಸಂಗ್ರಹ ಬಹುಕಾಲ ತಾಳೆಗರಿಯಲ್ಲೇ ಉಳಿಯಿತು. ಮದ್ರಾಸ್ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಹೋಲಿಸಿ ಇಂಗ್ಲಿಷ್ ಅನುವಾದದೊಂದಿಗೆ ಸಿದ್ಧಪಡಿಸಿದ ಆವೃತ್ತಿಯನ್ನು ಮದ್ರಾಸ್ ಸರ್ಕಾರ 1912ರಲ್ಲಿ ಪ್ರಕಟಿಸಿತು. ಕೊಯಮತ್ತೂರು ಆಗ ಆ ಸರ್ಕಾರದ ಜಿಲ್ಲೆ, ಕನ್ನಡದ ಕೊಳ್ಳೇಗಾಲವೂ ಆಗ ಇದೇ ಜಿಲ್ಲೆಯಲ್ಲಿತ್ತು. ಕನ್ನಡ ಅನುವಾದದ ಆವೃತ್ತಿ ಹೊಂಬುಜ ಜೈನ ಮಠದಿಂದ ಹೊರಬರಲು 2000ನೇ ಇಸವಿಯವರೆಗೆ ಕಾಯಬೇಕಾಯಿತು.