ಕ್ಯಾರೊಲಿನ್ ನಾರ್ಟನ್: ಮಕ್ಕಳಿಗಾಗಿ ಕಾನೂನಿನ ಜೊತೆ ಜಗಳವಾಡಿದ ತಾಯಿ

ನನ್ನ ಖಾಲಾ ವಿಚ್ಛೇದನದ ನಂತರ ಎರಡು ವಾರಕ್ಕೊಮ್ಮೆ ಮಗನನ್ನು ನೋಡಲು ಹೋಗುತ್ತಾರೆ. ಹಿಂದಿನ ರಾತ್ರಿಯೇ ಅವನಿಗಿಷ್ಟವಾದ ತಿಂಡಿ ಮಾಡಿ ಡಬ್ಬಿಗೆ ತುಂಬಿಡುತ್ತಾರೆ. ಸಿಗುವುದು ಎರಡೇ ಗಂಟೆ. ಅಷ್ಟೂ ಸಿಗದ ಕಾಲವೊಂದಿತ್ತು ಎಂದು ನನಗೆ ಗೊತ್ತಾದದ್ದು ಕ್ಯಾರೊಲಿನ್ ನಾರ್ಟನ್ ಬಗ್ಗೆ ಓದಿದಾಗ.

ಕ್ಯಾರೊಲಿನ್ 1808ರಲ್ಲಿ ಲಂಡನ್‌ನಲ್ಲಿ ಹುಟ್ಟಿದರು. ನಾಟಕಕಾರ ಷೆರಿಡನ್ ಅವರ ಮೊಮ್ಮಗಳು. ತಂದೆ ಬೇಗ ತೀರಿಕೊಂಡಿದ್ದರು, ಕೈಯಲ್ಲಿ ಹಣವಿರಲಿಲ್ಲ. 19ನೇ ವಯಸ್ಸಿನಲ್ಲಿ ಜಾರ್ಜ್ ನಾರ್ಟನ್ ಎಂಬ ವಕೀಲನೊಂದಿಗೆ ಮದುವೆಯಾಯಿತು. ಆತ ಸಂಸದನೂ ಆಗಿದ್ದ, ಹೆಂಡತಿಗೆ ಹೊಡೆಯುತ್ತಲೂ ಇದ್ದ. ಕ್ಯಾರೊಲಿನ್ ಕವಿತೆ, ಕಾದಂಬರಿ ಬರೆದು ಸಂಪಾದಿಸುತ್ತಿದ್ದರು.

1836ರಲ್ಲಿ ಜಾರ್ಜ್ ಮೂವರು ಗಂಡುಮಕ್ಕಳನ್ನೂ ತಾಯಿಯಿಂದ ದೂರ ಸಾಗಿಸಿದ. ಕಿರಿಯವನಿಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಹೆಂಡತಿಗೂ ಪ್ರಧಾನಿ ಲಾರ್ಡ್ ಮೆಲ್ಬರ್ನ್‌ಗೂ ಅಕ್ರಮ ಸಂಬಂಧವಿದೆ ಎಂದು ಪ್ರಧಾನಿಯ ಮೇಲೆಯೇ ದಾವೆ ಹೂಡಿ 10,000 ಪೌಂಡ್ ಪರಿಹಾರ ಕೇಳಿದ. ಜ್ಯೂರಿಯವರು ಕುಳಿತಲ್ಲಿಂದ ಏಳದೆಯೇ ಆರೋಪವನ್ನು ತಳ್ಳಿಹಾಕಿದರು.

ಹಾಗಾದರೆ ಮಕ್ಕಳು ತಾಯಿಗೆ ಸಿಕ್ಕಿರಬೇಕು ಎಂದುಕೊಂಡೆ. ಇಲ್ಲ. ಇಂಗ್ಲೆಂಡಿನ ಕಾನೂನಿನಲ್ಲಿ ಮಕ್ಕಳು ತಂದೆಗೆ ಸೇರಿದವರು. ತಪ್ಪು ಮಾಡದ ತಾಯಿಗೂ ಅವರನ್ನು ನೋಡುವ ಹಕ್ಕಿರಲಿಲ್ಲ. ವಿಚ್ಛೇದನವಾದರೂ ಸಿಗುತ್ತಿತ್ತೇ? ಅದಕ್ಕೆ ಪಾರ್ಲಿಮೆಂಟ್ ಒಂದು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಿತ್ತು. 1857ಕ್ಕೆ ಮೊದಲು ಹಾಗೆ ಬಿಡುಗಡೆ ಪಡೆದ ಹೆಂಗಸರು ನಾಲ್ಕೇ ಮಂದಿ.

ಕ್ಯಾರೊಲಿನ್ ತಮಗೆ ಗೊತ್ತಿದ್ದ ಕೆಲಸವನ್ನೇ ಮಾಡಿದರು, ಬರೆದರು. ಕಿರುಹೊತ್ತಿಗೆಗಳನ್ನು ಅಚ್ಚು ಹಾಕಿಸಿ ಹಂಚಿದರು. ಟಾಲ್ಫೋರ್ಡ್ ಎಂಬ ಸಂಸದರು ಮಸೂದೆ ತಂದರು. ಮೇಲ್ಮನೆ ಒಮ್ಮೆ ತಿರಸ್ಕರಿಸಿತು. 1839ರಲ್ಲಿ ಅದು ಕಾಯ್ದೆಯಾಯಿತು. ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಲು, ದೊಡ್ಡ ಮಕ್ಕಳನ್ನು ಭೇಟಿಯಾಗಲು ತಾಯಿ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದಾಯಿತು. ಆದರೆ ಜಾರ್ಜ್ ಮಕ್ಕಳನ್ನು ಸ್ಕಾಟ್ಲೆಂಡಿಗೆ ಕಳಿಸಿದ್ದ. ಆ ಕಾಯ್ದೆ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ! ವಕೀಲನಲ್ಲವೇ.

1842ರಲ್ಲಿ ಕಿರಿಯ ಮಗ ವಿಲಿಯಂ ಕುದುರೆಯಿಂದ ಬಿದ್ದ. ಗಾಯ ನಂಜಾಯಿತು. ತಾಯಿ ಬಂದು ತಲುಪುವಷ್ಟರಲ್ಲಿ ಹುಡುಗ ತೀರಿಕೊಂಡಿದ್ದ. ಇಲ್ಲಿಗೆ ಬಂದಾಗ ನಾನು ಓದು ನಿಲ್ಲಿಸಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ. ಆಮೇಲೆಯೇ ಉಳಿದಿಬ್ಬರು ಮಕ್ಕಳು ತಾಯಿಯ ಬಳಿ ಇರಲು ಜಾರ್ಜ್ ಒಪ್ಪಿದ್ದು.

ಹೆಂಡತಿಯ ಸಂಪಾದನೆಯೂ ಆಗ ಗಂಡನದೇ. ಕ್ಯಾರೊಲಿನ್ ಬರೆದ ಪುಸ್ತಕಗಳ ಹಣವನ್ನೂ ಆತ ಕೇಳಿದ. ಹಾಗಾದರೆ ನನ್ನ ಸಾಲವೂ ಅವನದೇ ಎಂದು ಕ್ಯಾರೊಲಿನ್ ಸಾಲಗಾರರನ್ನು ಗಂಡನ ಮೇಲೆಯೇ ದಾವೆ ಹೂಡಲು ಕಳಿಸಿದರು. ಈ ಉತ್ತರ ನನಗೆ ಬಹಳ ಹಿಡಿಸಿತು. 1855ರಲ್ಲಿ ವಿಕ್ಟೋರಿಯಾ ರಾಣಿಗೆ ಬಹಿರಂಗ ಪತ್ರ ಬರೆದರು. 1857ರ ಕಾಯ್ದೆ ವಿಚ್ಛೇದನಕ್ಕೆಂದೇ ನ್ಯಾಯಾಲಯ ತೆರೆಯಿತು, ಗಂಡ ಬಿಟ್ಟುಹೋದವಳ ಸಂಪಾದನೆಗೆ ರಕ್ಷಣೆ ಕೊಟ್ಟಿತು. ಆದರೂ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿ ಅದರ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತುಪಡಿಸಬೇಕಿತ್ತು. ಅದರ ಮಾದರಿಯಲ್ಲೇ ಬಂದ 1869ರ ಕಾಯ್ದೆಯಿಂದಾಗಿ ನಮ್ಮ ದೇಶದ ಕ್ರೈಸ್ತ ಮಹಿಳೆಯರು 2001ರವರೆಗೂ ಇದೇ ಭಾರ ಹೊತ್ತಿದ್ದರು.

ಕ್ಯಾರೊಲಿನ್ ಅವರಿಗೆ ವಿಚ್ಛೇದನ ಸಿಗಲೇ ಇಲ್ಲ. ಜಾರ್ಜ್ 1875ರಲ್ಲಿ ತೀರಿಕೊಂಡ. 1877ರ ಮಾರ್ಚ್‌ನಲ್ಲಿ ಕ್ಯಾರೊಲಿನ್ ಹಳೆಯ ಸ್ನೇಹಿತರೊಬ್ಬರನ್ನು ಮದುವೆಯಾದರು. ಜೂನ್‌ನಲ್ಲಿ ನಿಧನರಾದರು.