ವೆಲ್ಲೂರಿನ ಡಾಕ್ಟರಮ್ಮ

ಕಾಸರಗೋಡಿನಿಂದ ಚೆನ್ನೈ ಮೈಲ್ ಹತ್ತಿ ಕಾಟ್ಪಾಡಿಯಲ್ಲಿ ಇಳಿಯುವವರ ಕೈಚೀಲದಲ್ಲಿ ಎಕ್ಸ್‌ರೇ ಲಕೋಟೆಯೊಂದು ಇದ್ದರೆ ಆಶ್ಚರ್ಯವಿಲ್ಲ. ಅವರು ಹೋಗುವುದು ವೆಲ್ಲೂರಿನ ದೊಡ್ಡ ಆಸ್ಪತ್ರೆಗೆ. ಅದನ್ನು ಕಟ್ಟಿದ ಇಡಾ ಸ್ಕಡರ್ ಹುಟ್ಟಿದ್ದು 1870ರ ದಶಂಬರ 9ರಂದು, ವೆಲ್ಲೂರಿಗೆ ಸಮೀಪದ ರಾಣಿಪೇಟೆಯಲ್ಲಿ.

ಅಜ್ಜ ಜಾನ್ ಸ್ಕಡರ್ 1819ರಲ್ಲಿ ಅಮೆರಿಕದಿಂದ ಸಿಂಹಳಕ್ಕೆ ಹೊರಟು ಬಂದ ಮಿಶನರಿ ವೈದ್ಯರು. ತಂದೆಯೂ ವೈದ್ಯರೇ. ಆದರೆ ಮನೆತನದ ಈ ದಾರಿ ಹುಡುಗಿಗೆ ಬೇಡವಾಗಿತ್ತು. ಅಮೆರಿಕದಲ್ಲಿ ಓದು ಮುಗಿಸಿ ಅಲ್ಲಿಯೇ ನೆಲೆಸುವ ಆಸೆ ಆಕೆಯದು. ತಾಯಿಗೆ ಕಾಯಿಲೆಯೆಂದು 1890ರಲ್ಲಿ ತಿಂಡಿವನಕ್ಕೆ ಬಂದದ್ದು ಸ್ವಲ್ಪ ಕಾಲ ಇದ್ದು ಹೋಗುವುದಕ್ಕೆ ಮಾತ್ರ.

ಅಲ್ಲಿ ಒಂದು ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೊಬ್ಬರಂತೆ ಬಾಗಿಲಿಗೆ ಬಂದರು. ಒಬ್ಬರು ಬ್ರಾಹ್ಮಣ, ಒಬ್ಬರು ಮುಸಲ್ಮಾನ, ಇನ್ನೊಬ್ಬರು ಬೇರೊಂದು ಮೇಲ್ಜಾತಿಯ ಹಿಂದೂ. ಮೂವರ ಹೆಂಡಂದಿರೂ ಹೆರಿಗೆಯಾಗದೆ ಸಂಕಟಪಡುತ್ತಿದ್ದರು. ಇಡಾ ಬರಬೇಕೆಂದು ಅವರ ಕೋರಿಕೆ. ತನಗೆ ವೈದ್ಯ ತಿಳಿಯದು, ತಂದೆಯನ್ನು ಕರೆದೊಯ್ಯಿರಿ ಎಂದು ಆಕೆ ಬೇಡಿಕೊಂಡಳು. ಪರಗಂಡಸು ಹೆಂಗಸರ ಕೋಣೆಗೆ ಬರುವುದನ್ನು ಅವರಲ್ಲಿ ಒಬ್ಬರೂ ಒಪ್ಪಲಿಲ್ಲ. ಬೆಳಗಾಗುವಾಗ ಮೂವರು ಹೆಂಗಸರೂ ಸತ್ತಿದ್ದರು.

ಯಾವ ದೇಶದಲ್ಲಿ ಎಷ್ಟು ಜನರಿಗೆ ಒಬ್ಬ ವೈದ್ಯರೆಂಬ ಲೆಕ್ಕವನ್ನು ನಾವು ಆಗಾಗ ಓದುತ್ತೇವೆ. ಆ ಲೆಕ್ಕ ಬರೆಯುವವನು ಅಂದು ತಿಂಡಿವನದ ಹೆಸರಿನ ಮುಂದೆ ವೈದ್ಯರಿದ್ದಾರೆಂದೇ ಬರೆಯುತ್ತಿದ್ದ. ಆ ಮೂವರ ಪಾಲಿಗೆ ಮಾತ್ರ ಅದು ಸೊನ್ನೆ.

ಇಡಾ ಅಮೆರಿಕಕ್ಕೆ ಹಿಂದಿರುಗಿ 1899ರಲ್ಲಿ ಕಾರ್ನೆಲ್‌ನಲ್ಲಿ ವೈದ್ಯ ಪದವಿ ಪಡೆದರು. ಮರುವರ್ಷ ವೆಲ್ಲೂರಿಗೆ ಬಂದರು. ದಾನಿಯೊಬ್ಬರು ಹೆಂಡತಿಯ ನೆನಪಿಗಾಗಿ ಕೊಟ್ಟ ಹತ್ತು ಸಾವಿರ ಡಾಲರಿನಿಂದ 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆ ಎದ್ದಿತು. ಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಮೋಟಾರಿನಲ್ಲಿ ಹಳ್ಳಿಗಳಿಗೂ ಹೋದರು. ದಾರಿಬದಿಯ ಮರದಡಿಯೇ ದವಾಖಾನೆ.

ಆದರೂ ಒಬ್ಬ ಡಾಕ್ಟರಮ್ಮ ಎಷ್ಟು ಬಾಗಿಲಿಗೆಂದು ಹೋದಾಳು? ಅಂದಿನ ಮದ್ರಾಸ್ ಪ್ರಾಂತವೆಂದರೆ ನಮ್ಮ ಕಾಸರಗೋಡು ತಾಲೂಕನ್ನೂ ಒಳಗೊಂಡ ವಿಶಾಲ ನಾಡು. ಇಲ್ಲಿನ ಹೆಣ್ಣುಮಕ್ಕಳನ್ನೇ ವೈದ್ಯೆಯರನ್ನಾಗಿ ಮಾಡದೆ ಗತಿಯಿಲ್ಲವೆಂದು ಕಂಡುಕೊಂಡದ್ದೇ, ನನ್ನ ಎಣಿಕೆಯಲ್ಲಿ, ಇಡಾ ಅವರ ದೊಡ್ಡತನ. 1909ರಲ್ಲಿ ದಾದಿಯರ ಶಾಲೆ, 1918ರಲ್ಲಿ ಹೆಂಗಸರ ವೈದ್ಯಶಾಲೆ ಆರಂಭವಾದವು. ಕಲಿಯಲು ಹುಡುಗಿಯರೇ ಸಿಗಲಾರರೆಂದವರಿದ್ದರು. 1922ರಲ್ಲಿ 14 ಮಂದಿ ತೇರ್ಗಡೆಯಾಗಿ ಹೊರಬಂದರು.

ಮುಂದೆ ಸರಕಾರವು ಹಳೆಯ ಎಲ್.ಎಂ.ಪಿ. ಶಿಕ್ಷಣ ಸಾಲದು, ವಿಶ್ವವಿದ್ಯಾಲಯದ ಪದವಿಯೇ ಬೇಕೆಂದಾಗ ಶಾಲೆ ಮುಚ್ಚಿಹೋಗುವ ಭೀತಿ. ಎಪ್ಪತ್ತು ದಾಟಿದ ಇಡಾ ಅಮೆರಿಕದಲ್ಲಿ ಊರೂರು ಸುತ್ತಿ ಹಣ ಕೂಡಿಸಿದರು. ಗಂಡುಮಕ್ಕಳನ್ನೂ ಸೇರಿಸಿಕೊಳ್ಳುವ ಮಾತೆದ್ದಾಗ, ಹೆಂಗಸರಿಗೆಂದೇ ದುಡ್ಡು ಕೊಟ್ಟಿದ್ದ ಹಳೆಯ ಗೆಳತಿಯರು ಮುನಿಸಿಕೊಂಡರು. ಆ ಮುನಿಸಿಗೂ ಅರ್ಥವಿತ್ತು. ಕಾಲೇಜು ಉಳಿಯಿತು, 1942ರಲ್ಲಿ ಎಂ.ಬಿ.ಬಿ.ಎಸ್. ಬಂತು, 1947ರಲ್ಲಿ ಹುಡುಗರೂ ಸೇರಿದರು.

ಮದುವೆಯಾಗದೆ ಉಳಿದ ಇಡಾ 1946ರಲ್ಲಿ ನಿವೃತ್ತರಾದರು. 1960ರ ಮೇ ತಿಂಗಳಲ್ಲಿ ಕೊಡೈಕನಾಲಿನಲ್ಲಿ ತೀರಿಕೊಂಡರು.